ಮಡ್‌ಗಾರ್ಡ್ ಇಲ್ಲದ ಸೈಕಲ್ಲಿನ ಹರಕೆ

ದಾಂಡೇಲಿಯಲ್ಲಿ ಒಬ್ಬ ಮನುಷ್ಯ ಸ್ಕೂಟರಿನಿಂದ ಕಾರಿಗೆ ಏರಿದರೆ ಊರು ಸ್ವಲ್ಪ ಹೊತ್ತು ಮಾತಾಡಿ ಸುಮ್ಮನಾಗುತ್ತದೆ. ಸ್ಕೂಟರಿನಿಂದ ಸೈಕಲ್ಲಿಗೆ ಇಳಿದರೆ ಮಾತ್ರ ಸುಮ್ಮನಾಗುವುದಿಲ್ಲ. ಈ ಸಣ್ಣ ಸಂಗತಿ ಬಾಳೇಶನಿಗೆ ತಿಳಿದಿರಲಿಲ್ಲ. ತಿಳಿದಿದ್ದರೆ ಅವನು ಬಾಳೇಶನೇ ಆಗುತ್ತಿರಲಿಲ್ಲ.

ಬಾಳೇಶ ಕಾಗದದ ಮಿಲ್ಲಿನ ಲಾರಿ ಕಾಟಾದಲ್ಲಿ ಕೆಲಸಕ್ಕಿದ್ದ. ಕಟ್ಟಿಗೆ ಹೇರಿಕೊಂಡ ಲಾರಿಗಳು ಕಬ್ಬಿಣದ ಹಾಸಿನ ಮೇಲೆ ಬಂದು ನಿಂತಾಗ, ಗಾಜಿನ ಕೋಣೆಯೊಳಗೆ ಕೂತು ತೂಕ ಹೇಳುವುದು ಅವನ ಉದ್ಯೋಗ. ದಿನವಿಡೀ ಭಾರವನ್ನೇ ನೋಡಿ ನೋಡಿ ಅವನಿಗೆ ಹಗುರಾದ ವಸ್ತುಗಳ ಮೇಲೆ ವಿಚಿತ್ರ ಮೋಹ ಹುಟ್ಟಿತ್ತು. ಅಂಥ ಹೊತ್ತಿನಲ್ಲೇ ಪುಣೆಯಿಂದ ಹೊಸ ಆಫೀಸರರೊಬ್ಬರು ಬಂದರು. ಬಂಗಲೆಯಿಂದ ಮಿಲ್ಲಿಗೆ ಅವರು ಹೈಬ್ರಿಡ್ ಸೈಕಲ್ ಮೇಲೆ ಬರುತ್ತಿದ್ದರು. ಗೇಟಿನ ಸೆಕ್ಯುರಿಟಿಯವರು ಕಾರಿನವರಿಗಿಂತ ಗಟ್ಟಿಯಾಗಿ ಅವರಿಗೆ ಸಲ್ಯೂಟ್ ಹೊಡೆಯುತ್ತಿದ್ದರು. ಸಲ್ಯೂಟು ಸೈಕಲ್ಲಿಗೇ ಬೀಳುತ್ತಿದೆ ಎಂದು ಬಾಳೇಶ ತಿಳಿದ. ಆಫೀಸರರಿಗೆ ಬೀಳುತ್ತಿರಬಹುದು ಎಂಬ ಅನುಮಾನ ಅವನ ಹತ್ತಿರವೂ ಸುಳಿಯಲಿಲ್ಲ.

ಸ್ಕೂಟರನ್ನು ಮುಂಡಗೋಡದಲ್ಲಿದ್ದ ಹೆಂಡತಿಯ ತಮ್ಮನಿಗೆ ಕೊಟ್ಟು, ಹುಬ್ಬಳ್ಳಿಯಿಂದ ಅಂಥದ್ದೇ ಸೈಕಲ್ ತಂದ. ಮೊದಲ ದಿನವೇ ಅದನ್ನು ಒಯ್ದು ಲಾರಿ ಕಾಟಾದ ನಟ್ಟನಡುವೆ ಹಿಡಿದು ನಿಲ್ಲಿಸಿ, ಬೆರಳ ತುದಿಯಲ್ಲಷ್ಟೇ ಮುಟ್ಟಿಕೊಂಡು ದೂರ ನಿಂತ. ಪರದೆಯ ಮೇಲೆ ಸೊನ್ನೆ ಬಂತು.

"ನೋಡ್ರಿ, ಎಷ್ಟು ಹಗರ ಐತಿ. ಕಾಟಾಕ್ಕ ಸುದ್ದಾ ಗೊತ್ತಾಗವಲ್ತು," ಎಂದ ಹೆಮ್ಮೆಯಿಂದ.

ಸರದಿಯಲ್ಲಿ ಕಾಯುತ್ತಿದ್ದ ಲಾರಿ ಡ್ರೈವರ್ ಜ್ಯೋತಿಬಾ ಕಿಟಕಿಯಿಂದ ತಲೆ ಹೊರಹಾಕಿದ. "ಏನೂ ಇಲ್ಲ ಅಂತ ಕಾಟಾನ ಹೇಳಾಕತ್ತೈತಿ. ಮತ್ತ ಏನ್ ತಗೊಂಡು ಬಂದೀರಿ ನೀವು?"

ಗೇಟಿನಲ್ಲಿ ಸಲ್ಯೂಟು ಬೀಳಲಿಲ್ಲ. "ಗಾಡಿ ರಿಪೇರಿಗೆ ಹೋಗೇತೇನ್ರಿ, ಪಾಪ," ಎಂದು ಸೆಕ್ಯುರಿಟಿಯವನು ಕರಗಿದ ದನಿಯಲ್ಲಿ ಕೇಳಿದ.

ಸಂಜೆ ಮನೆ ಮುಂದೆ ಪಕ್ಕದ ಮನೆಯ ಗೋದುಬಾಯಿ ಕಾದಿದ್ದಳು. ಆ ಲೈನಿನ ಮನೆಗಳಲ್ಲಿ ಏನು ನಡೆದರೂ ಅದು ಮೊದಲು ಗೋದುಬಾಯಿಗೆ ತಿಳಿದು, ಆಮೇಲೆ ನಡೆದವರಿಗೆ ತಿಳಿಯುತ್ತಿತ್ತು. ಆಕೆ ಸೈಕಲ್ಲಿಗೆ ಒಂದು ಸುತ್ತು ಬಂದಳು.

"ಇದರ ಮಡ್‌ಗಾರ್ಡ್ ಎಲ್ಲೈತೋ ತಮ್ಮಾ?"

"ಇದಕ್ಕ ಇರೂದಿಲ್ಲರಿ ಅಕ್ಕಾರ."

"ಸ್ಟ್ಯಾಂಡು?"

"ಇರೂದಿಲ್ಲ."

"ಕ್ಯಾರಿಯರ್ರು? ಗಂಟಿ?"

"ಅವೂ ಇರೂದಿಲ್ಲರಿ. ಇದು ಹೈಬ್ರಿಡ್. ಅರ್ಧ ಡಾಂಬರ್ ರಸ್ತೆದು, ಅರ್ಧ ಗುಡ್ಡದ್ದು."

"ಹೈಬ್ರಿಡ್ ಜ್ವಾಳಕ್ಕ ರುಚಿ ಒಂದ ಇರೂದಿಲ್ಲ. ಇದಕ್ಕ ಏನೇನೂ ಇಲ್ಲಲ್ಲೋ ಯಪ್ಪಾ," ಎಂದು ಗೋದುಬಾಯಿ ಒಳಗೆ ಹೋದಳು. ಅಷ್ಟು ಬೇಗ ಆಕೆ ಒಳಗೆ ಹೋದದ್ದು ಒಳ್ಳೆಯ ಲಕ್ಷಣವಾಗಿರಲಿಲ್ಲ. ಆಕೆಯ ಮನೆಗೆ ಹಿಂದಿನ ಬಾಗಿಲೂ ಇತ್ತು.

ಕತ್ತಲಾಗುವುದರೊಳಗೆ ಲೈನಿನ ತುಂಬ ಸುದ್ದಿ. ಬಾಳೇಶನ ನೌಕರಿ ಹೋಗಿದೆಯಂತೆ. ಸ್ಕೂಟರ್ ಹೋಯಿತಂತೆ. ಸೈಕಲ್ಲಿನದು ಮೊದಲು ಮಡ್‌ಗಾರ್ಡ್ ಬಿಚ್ಚಿ ಮಾರಿದನಂತೆ, ಆಮೇಲೆ ಕ್ಯಾರಿಯರ್, ಆಮೇಲೆ ಸ್ಟ್ಯಾಂಡು. ಗಂಟೆಯನ್ನು ಮಾತ್ರ ಕೊನೆಯವರೆಗೂ ಇಟ್ಟುಕೊಂಡಿದ್ದನಂತೆ, ಪಾಪ, ಅದೂ ಹೋಯಿತಂತೆ.

ಇದಕ್ಕೆ ಸೈಕಲ್ಲೂ ತನ್ನ ಕೈಲಾದ ಸಾಕ್ಷಿ ಹೇಳಿತು. ಸ್ಟ್ಯಾಂಡ್ ಇಲ್ಲದ ಸೈಕಲ್ ಊರಿನ ಗೋಡೆಗಳ ಕೃಪೆಯಲ್ಲಿ ಬದುಕಬೇಕು. ಬಾಳೇಶ ದಾರಿಯಲ್ಲಿ ನಿಂತಲ್ಲೆಲ್ಲ ಯಾರದಾದರೂ ಮನೆಯ ಗೋಡೆಗೆ ಅದನ್ನು ಆನಿಸಿ, ಬೀಳದಂತೆ ಹಿಡಿದು ನಿಲ್ಲುತ್ತಿದ್ದ. ಮನೆಯವರು ಕಿಟಕಿಯಿಂದ ನೋಡಿ, ಏನೋ ಕೇಳಲು ಬಂದು ಸಂಕೋಚದಿಂದ ನಿಂತಿದ್ದಾನೆ ಎಂದುಕೊಂಡು ಒಂದು ತಾಟು ಅವಲಕ್ಕಿ ತಂದು ಕೊಡುತ್ತಿದ್ದರು. ಇಂಥ ಸೈಕಲ್ ಕಂಡರೆ ಜನಕ್ಕೆ ಎಷ್ಟು ಗೌರವ ಎಂದುಕೊಂಡು ಬಾಳೇಶ ತಿನ್ನುತ್ತಿದ್ದ. ದಸರೆ ಮುಗಿದರೂ ಮಳೆ ಇನ್ನೂ ಬಿಟ್ಟಿರಲಿಲ್ಲ. ಮಡ್‌ಗಾರ್ಡ್ ಇಲ್ಲದ ಹಿಂದಿನ ಗಾಲಿ ಅವನ ಬೆನ್ನ ಮೇಲೆ, ಪ್ಯಾಂಟಿನಿಂದ ಕುತ್ತಿಗೆಯವರೆಗೆ, ಕೆಂಪು ಕೆಸರಿನ ಗೆರೆಯೊಂದನ್ನು ದಿನವೂ ತಪ್ಪದೆ ಎಳೆಯುತ್ತಿತ್ತು.

ಇಷ್ಟೇ ಆಗಿದ್ದರೆ ನಕ್ಕು ಬಿಡಬಹುದಿತ್ತು. ಆದರೆ ಆಗಲೇ ಬಾಳೇಶನ ತಂಗಿ ಶೈಲಾಳ ಲಗ್ನದ ಮಾತು ನಡೆದಿತ್ತು.

ಶೈಲಾ ಕಿಟಕಿಯ ಪಕ್ಕ ಹೊಲಿಗೆ ಮಷಿನ್ ಇಟ್ಟುಕೊಂಡು ಕೂರುವ ಹುಡುಗಿ. ಎಲ್ಲವನ್ನೂ ನೋಡುತ್ತಿದ್ದಳು, ಏನೂ ಅನ್ನುತ್ತಿರಲಿಲ್ಲ. ಬಂದ ಗಂಡುಗಳಿಗೆಲ್ಲ ಬರೇ ತಲೆ ಅಲ್ಲಾಡಿಸಿ ಕಳಿಸಿದವಳು, ಹಳಿಯಾಳದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದ ಶಿವಲಿಂಗನನ್ನು ನೋಡಿದಾಗ ಮಾತ್ರ "ಹೂಂ" ಎಂದಿದ್ದಳು. ಆ ಒಂದು ಹೂಂಗೆ ಮನೆಯವರು ಸಿಹಿ ಹಂಚಿದ್ದರು. ಹುಡುಗನ ತಾಯಿ ಶಿವಗಂಗವ್ವನಿಗೂ ಹುಡುಗಿ ಮನಸ್ಸಿಗೆ ಬಂದಿದ್ದಳು. ಉಳಿದದ್ದು ಹುಡುಗನ ಸೋದರಮಾವ ಕರಿಬಸಪ್ಪನವರ ವಿಚಾರಣೆಯೊಂದೇ.

ಕರಿಬಸಪ್ಪನವರು ಬೀಗರ ಮನೆತನ ವಿಚಾರಿಸುವುದರಲ್ಲಿ ಹೆಸರುವಾಸಿ. ಅವರ ಪದ್ಧತಿ ಎಂದರೆ, ಯಾರ ಬಗ್ಗೆ ವಿಚಾರಿಸಬೇಕೋ ಅವರೊಬ್ಬರನ್ನು ಬಿಟ್ಟು ಉಳಿದೆಲ್ಲರನ್ನೂ ಕೇಳುವುದು. ಮಿಲ್ಲಿನ ಗೇಟಿನೆದುರು ಚಹಾದಂಗಡಿಯಲ್ಲಿ ಕೂತು, ಬಸ್ಸಿಗೆ ಕಾಯುವವರಂತೆ, "ಅಂದಂಗ, ಆ ಕಾಟಾದ ಬಾಳೇಶ ಹೆಂಗ?" ಎಂದರು.

"ಭಾಳ ಛಲೋ ಮನುಷ್ಯಾರಿ, ಪಾಪ," ಎಂದ ಚಹಾದವನು. "ಮಡ್‌ಗಾರ್ಡ್ ಸುದ್ದಾ ಮಾರಿಕೊಂಡಾನ. ಆದ್ರ ಯಾರ ಮುಂದೂ ಬಾಯಿ ಬಿಡೂದಿಲ್ಲ. ಅಗಾ, ಅಲ್ಲೇ ಹೊಂಟ ನೋಡ್ರಿ."

ಕರಿಬಸಪ್ಪನವರು ತಿರುಗಿದಾಗ ಬಾಳೇಶ ದಾಟಿ ಹೋಗಿದ್ದ. ಅವರಿಗೆ ಕಂಡದ್ದು ಕೆಸರಿನ ಗೆರೆ ಎಳೆದ ಒಂದು ಬೆನ್ನು ಮಾತ್ರ. ಅಷ್ಟು ಸಾಕಾಯಿತು. ಮರುದಿನ ಶಿವಗಂಗವ್ವನ ಫೋನು ಬಂತು. "ನಮ್ಮಣ್ಣಗ ಇನ್ನೂ ಸ್ವಲ್ಪ ವಿಚಾರ ಮಾಡೂದೈತಂತರಿ." ಲಗ್ನದ ಮಾತಿನಲ್ಲಿ ಇದರ ಅರ್ಥ ಎಲ್ಲರಿಗೂ ಗೊತ್ತು. ಒಳಗೆ ಹೊಲಿಗೆ ಮಷಿನ್ ನಿಂತುಹೋಯಿತು.

"ಕೇಳ್ರಿ, ಮಷಿನ್ ನಿಂತತಿ," ಎಂದಳು ಬಾಳೇಶನ ಹೆಂಡತಿ ವಿದ್ಯಾವತಿ. "ಹುಟ್ಟಿದಾಗಿಂದ ಒಂದ ಸಲ ಹೂಂ ಅಂದಿತ್ತು ಆ ಹುಡುಗಿ. ಅದನ್ನೂ ನಿಮ್ಮ ಸೈಕಲ್ ಕಸಗೊಂತು. ನಾಳೆ ಸಂಜೀಕ ಅದಕ್ಕ ಮಡ್‌ಗಾರ್ಡ್ ಇರಬೇಕು, ಇಲ್ಲಾ ಅದು ಮನ್ಯಾಗ ಇರಬಾರದು."

ಬಾಳೇಶ ಹಾಶಿಮನ ಅಂಗಡಿಗೆ ಹೋದ. ಹಾಶಿಮ ಊರಿನ ಅರ್ಧ ಸೈಕಲ್ಲುಗಳನ್ನು ಬಿಚ್ಚಿ ಜೋಡಿಸಿದವನು, ಉಳಿದರ್ಧವನ್ನು ಬಿಚ್ಚಿ ಹಾಗೇ ಇಟ್ಟವನು. ಅವನು ಒಂದೊಂದೇ ಮಡ್‌ಗಾರ್ಡ್ ತಂದು ಹಚ್ಚಿ ನೋಡಿದ. ಒಂದು ಉದ್ದವಾಯಿತು, ಒಂದು ಗಿಡ್ಡವಾಯಿತು, ಒಂದು ಸಿಕ್ಕಿಕೊಂಡು ಬಿಡಿಸಲು ಸುತ್ತಿಗೆ ಬೇಕಾಯಿತು.

"ಭಾಯ್, ಇದಕ್ಕ ನಮ್ಮ ಯಾವ ಸಾಮಾನೂ ಒಗ್ಗೂದಿಲ್ಲ," ಎಂದು ಹಾಶಿಮ ಬೆವರು ಒರೆಸಿಕೊಂಡ. "ಮಡ್‌ಗಾರ್ಡ್ ತಗೊಂಡು ಹೋಗ್ರಿ, ಅದಕ್ಕ ಸರಿಹೋಗೂ ಸೈಕಲ್ ಆಮ್ಯಾಲೆ ಹುಡುಕೂಣು."

"ಇರ್ಲಿ ಬಿಡ್ರಿ. ಹವಾ ಆದ್ರೂ ಹಾಕ್ರಿ."

ಅದೂ ಸುಲಭದ ಕೆಲಸವಲ್ಲ. ಆ ಸೈಕಲ್ಲಿನ ಟ್ಯೂಬಿನ ಬಾಯಿ ಪೆನ್ಸಿಲ್ ತುದಿಯಷ್ಟು ಸಪೂರ. ಊರಿನ ಪಂಪು ಅದಕ್ಕೆ ಹಿಡಿಯಬೇಕಾದರೆ ನಡುವೆ ಹಿತ್ತಾಳೆಯ ಒಂದು ಪುಟ್ಟ ನಳಿಕೆ ತಿರುಗಿಸಿ ಕೂರಿಸಬೇಕು. ಕಡಲೆಕಾಳಿಗಿಂತ ಸ್ವಲ್ಪ ದೊಡ್ಡದು. ಮೊದಲಿನದು ಚರಂಡಿಗೆ ಬಿದ್ದ ಮೇಲೆ ಬಾಳೇಶ ಎರಡನೆಯದನ್ನು ಉಡದಾರಕ್ಕೇ ಕಟ್ಟಿಕೊಂಡಿದ್ದ. ಈಗ ಅಂಗಿ ಎತ್ತಿ, ಸೊಂಟದಿಂದ ಅದನ್ನು ಬಿಚ್ಚಿ, ಕೈ ಜಾರಬಾರದೆಂದು ಉಸಿರು ಬಿಗಿಹಿಡಿದು, ಕಣ್ಣು ಮುಚ್ಚಿ, ಮೆಲ್ಲಗೆ ಎಣಿಸುತ್ತ ಗಾಲಿಗೆ ತಿರುಗಿಸಿದ. ಹಾಶಿಮ ಅಂಗಡಿಯೊಳಗಿನಿಂದ ಪಂಪು ಒತ್ತಿದ.

ಎದುರಿನ ಹಿಟ್ಟಿನ ಗಿರಣಿಯ ಕಟ್ಟೆಯ ಮೇಲೆ ಗೋದುಬಾಯಿ ಕೂತಿದ್ದಳು. ಅಲ್ಲಿಂದ ಪಂಪು ಕಾಣುತ್ತಿರಲಿಲ್ಲ.

"ನನ್ನ ಕಣ್ಣಾರೆ ನೋಡೀನವ್ವಾ," ಎಂದು ಆಕೆ ಅರ್ಧ ಬೀಸಿದ ಹಿಟ್ಟನ್ನು ಅಲ್ಲೇ ಬಿಟ್ಟು ಲೈನಿಗೆ ಬಂದಳು. "ಉಡದಾರದಾಗಿನ ತಾಯತ ಬಿಚ್ಚಿ ಗಾಲಿಗೆ ಕಟ್ಟಿದ. ಕಣ್ಣು ಮುಚ್ಚಿ ಏನೋ ಅನ್ನಾಕತ್ತಿದ್ದ. ಗಾಲಿ ತಾನ ಉಬ್ಬಿ ಬಂತು. ಇದು ಬಡತನ ಅಲ್ಲ. ಇದು ಹರಕಿ."

ಆ ಒಂದು ಮಾತಿಗೆ ಇಡೀ ಸೈಕಲ್ ತಿಳಿಯಾಗಿ ಅರ್ಥವಾಯಿತು. ಹರಕೆ ಮುಗಿಯುವವರೆಗೆ ವಿಶ್ರಾಂತಿ ಇಲ್ಲ, ಅದಕ್ಕೇ ಸ್ಟ್ಯಾಂಡ್ ಇಲ್ಲ. ಸದ್ದು ಮಾಡಬಾರದು, ಅದಕ್ಕೇ ಗಂಟೆ ಇಲ್ಲ. ಉಳವಿಯ ದಾರಿಯ ಕೆಸರನ್ನು ಮೈಮೇಲೆ ಹೊರಬೇಕು, ಅದಕ್ಕೇ ಮಡ್‌ಗಾರ್ಡ್ ಇಲ್ಲ. ಇಷ್ಟು ಕಟ್ಟುನಿಟ್ಟಿನ ಹರಕೆ ಬೇರೆ ಯಾವ ದೇವರದಿದ್ದೀತು, ಉಳವಿ ಚನ್ನಬಸವಣ್ಣನದೇ. ತಂಗಿಯ ಲಗ್ನಕ್ಕಾಗಿಯೇ ಹೊತ್ತಿರಬೇಕು. ಅವಲಕ್ಕಿ ಕೊಟ್ಟವರೆಲ್ಲ ಬರಿಗೈಯಲ್ಲಿ ಕಳಿಸಲಿಲ್ಲವಲ್ಲ ಎಂದು ಸಮಾಧಾನಪಟ್ಟುಕೊಂಡರು.

ಮರುದಿನ ಚಹಾದಂಗಡಿಯಿಂದ ಕರಿಬಸಪ್ಪನವರ ಫೋನೇ ಬಂತು. ವಿಚಾರಿಸಬೇಕಾದವರನ್ನೇ ಅವರು ನೇರವಾಗಿ ಮಾತಾಡಿಸಿದ್ದು ಅದೇ ಮೊದಲು.

"ಅಂದಂಗ ಬಾಳೇಶಪ್ಪನವ್ರ, ತಪ್ಪು ತಿಳಕೊಂಡಿದ್ನಿ. ಉಳವಿಗೆ ಸೈಕಲ್ ಮ್ಯಾಲ ಎಂದು ಹೊಂಟೀರಿ?"

ಬಾಳೇಶ ಬಾಯಿ ತೆರೆದ. "ಇಲ್ಲರಿ, ಅದು ಹರಕಿ ಅಲ್ಲ, ಹವಾ ಹಾಕೂ..."

ಒಳಗಿನ ಮಷಿನ್ನಿನ ಸುಮ್ಮನಿರುವಿಕೆ ಕೇಳಿಸಿಕೊಂಡಿದ್ದ ವಿದ್ಯಾವತಿ ಫೋನು ಕಸಿದುಕೊಂಡಳು. "ಸೋಮವಾರರಿ."

"ಹಂಗಾರ ನಾನೂ ಕಮ್ಮಿ ಇಲ್ಲ. ನೀವು ಸೈಕಲ್ ಮ್ಯಾಲ ಬಂದ್ರ ನಾ ಜೋಯಿಡಾದಿಂದ ಉಳವಿತನಕ ನಡಕೊಂತ ಬರ್ತೇನಿ. ಗುಡಿಯೊಳಗ ಮಾತು ಗಟ್ಟಿ ಮಾಡೂಣು. ನೀವು ಬರಲಿಲ್ಲ ಅಂದ್ರ ಅಲ್ಲಿಗೆ ಮುಗೀತು."

ಹೊಲಿಗೆ ಮಷಿನ್ ಟಕಟಕ ಶುರುವಾಯಿತು. ಬಾಳೇಶ ಸೈಕಲ್ಲನ್ನು ನೋಡಿದ. ಮನೆಯಿಂದ ಮಿಲ್ಲಿಗೆ, ಮಿಲ್ಲಿನಿಂದ ಮನೆಗೆ. ಅವನು ಅದರಿಂದ ಕೇಳಿದ್ದು ಇಷ್ಟೇ ಆಗಿತ್ತು.

ಹರಕೆ ಹೊತ್ತವನನ್ನು ಊರು ತನ್ನ ಪಾಡಿಗೆ ಬಿಡುವುದಿಲ್ಲ. ಮಿರ್ಚಿ ಭಜಿಯ ಗಾಡಿಯವನು "ನಿಮಗ ಕೊಡೂದಿಲ್ಲರಿ, ನನಗ ಪಾಪ ಬರತೈತಿ" ಎಂದ. ಚಪ್ಪಲಿ ಹಾಕಿಕೊಂಡು ಹೊರಬಿದ್ದರೆ ಗೋದುಬಾಯಿ ಕೆಮ್ಮುತ್ತಿದ್ದಳು. ಸರಪಳಿಗೆ ಹಾಕಲು ತಂದಿಟ್ಟಿದ್ದ ಆಯಿಲ್ ಡಬ್ಬಿಯನ್ನು ಆಕೆಯೇ ಎತ್ತಿಟ್ಟು, ದೀಪದೆಣ್ಣೆ ಸುರಿದಳು. ಸೈಕಲ್ಲಿಗೆ ವಿಭೂತಿ ಬಂತು. ಸೋಮವಾರ ಬೆಳಿಗ್ಗೆ ಎದ್ದು ನೋಡಿದರೆ ಬಾಗಿಲಲ್ಲಿ ತೆಂಗಿನಕಾಯಿಯ ಚೀಲಗಳ ಸಾಲು. "ನಮ್ಮದೂ ಒಂದು ಒಯ್ಯಪಾ, ಹೆಂಗೂ ಹೊಂಟೀದಿ." ಕ್ಯಾರಿಯರ್ ಇಲ್ಲದ ಸೈಕಲ್ಲಿನ ಹ್ಯಾಂಡಲ್ಲಿಗೆ, ಸೀಟಿಗೆ, ನಡುವಿನ ಡಂಡಿಗೆ ಚೀಲಗಳು ಜೋತುಬಿದ್ದವು. ಮಿಲ್ಲಿನ ಮುಂದೆ ಜ್ಯೋತಿಬಾ ಅಡ್ಡ ನಿಂತು ಕಾಟಾದ ಮೇಲೆ ಹತ್ತಿಸಿಯೇ ಬಿಟ್ಟ. ಪರದೆ ಮಿಣುಕಿತು, ತಡೆಯಿತು, ಕೊನೆಗೊಂದು ಅಂಕಿ ತೋರಿಸಿತು.

"ಈಗ ಕಾಟಾಕ್ಕ ಗೊತ್ತಾತು ನೋಡ್ರಿ," ಎಂದ ಜ್ಯೋತಿಬಾ.

ವಿದ್ಯಾವತಿ, ಶೈಲಾ, ಗೋದುಬಾಯಿ ಉಳವಿ ಬಸ್ಸು ಹತ್ತಿದರು. ಅದೇ ಬಸ್ಸಿನಲ್ಲಿ ಹಳಿಯಾಳದಿಂದ ಶಿವಗಂಗವ್ವ, ಶಿವಲಿಂಗ ಬಂದಿದ್ದರು. ಮುಂಚೆಯೇ ಹೊರಟಿದ್ದ ಕರಿಬಸಪ್ಪನವರು ಜೋಯಿಡಾದಲ್ಲಿ ಇಳಿದು ನಡೆಯತೊಡಗಿದ್ದಾರೆಂದು ಶಿವಗಂಗವ್ವ ಹೆಮ್ಮೆಯಿಂದ ಹೇಳಿದಳು.

ಇತ್ತ ಬಾಳೇಶ ತುಳಿದ. ಸಪಾಟು ರಸ್ತೆಯಲ್ಲಿ ಅವನು ಸೈಕಲ್ ತುಳಿದ, ಏರಿನಲ್ಲಿ ಸೈಕಲ್ಲು ಅವನನ್ನು ತುಳಿಯಿತು. ಬರಿಗಾಲಿಗೆ ಪೆಡಲಿನ ಹಲ್ಲುಗಳು ಕಚ್ಚುತ್ತಿದ್ದವು. ತೆಂಗಿನಕಾಯಿಗಳು ಮೊಣಕಾಲಿಗೆ ಸರದಿಯ ಮೇಲೆ ಬಡಿಯುತ್ತಿದ್ದವು. ಗಣೇಶಗುಡಿಗೆ ಬರುವಷ್ಟರಲ್ಲಿ ಅವನ ಕಣ್ಣಿಗೆ ಸೂಪಾ ಅಣೆಕಟ್ಟು ಎರಡೆರಡಾಗಿ ಕಾಣತೊಡಗಿತು. ಮುಂದೆ ಘಟ್ಟ. ಘಟ್ಟದ ಬುಡದಲ್ಲಿ ಒಂದು ಜೀಪು ನಿಂತಿತ್ತು, ಮೇಲೆ ಗಾಳಿ ತೆಗೆದ ರಾಫ್ಟು, ನದಿಯ ರಬ್ಬರ್ ದೋಣಿ, ಮಡಚಿ ಕಟ್ಟಿತ್ತು. ಉಳವಿ ದಾರಿಯ ಹೋಂಸ್ಟೇ ಒಂದಕ್ಕೆ ಅದನ್ನು ಮುಟ್ಟಿಸಲು ಹೊರಟಿದ್ದ ತಾರಿಕ ಎಂಬ ರಾಫ್ಟಿಂಗ್‌ನವನು ಕಲ್ಲಿನ ಮೇಲೆ ಕೂತು ಬನ್ ತಿನ್ನುತ್ತಿದ್ದ.

"ಅಣ್ಣಾ, ಸತ್ತೀರೇನು, ಅದೀರೇನು?" ಎಂದ ತಾರಿಕ.

"ಅದೇನಿ. ಉಳವಿ ಸಮೀಪದ ತನಕ ಬಿಡ್ರಿ. ಯಾರಿಗೂ ಹೇಳಬ್ಯಾಡ್ರಿ."

"ಹತ್ರಿ. ಫಾರೆಸ್ಟ್ ಚೆಕ್‌ಪೋಸ್ಟಿನಾಗ ಕೇಳಿದ್ರ ನಮ್ಮ ಮಂದಿ ಅಂತೇನಿ. ಇದನ್ನ ಹಾಕ್ಕೊಳ್ರಿ." ಅವನು ಕಿತ್ತಳೆ ಬಣ್ಣದ ಲೈಫ್ ಜಾಕೆಟ್ಟು, ಟೊಪ್ಪಿಗೆ ಕೊಟ್ಟ. ಸೈಕಲ್ಲು, ಕಾಯಿ ಎಲ್ಲ ರಾಫ್ಟಿನ ಕೆಳಗೆ ಮಾಯವಾದವು. ಒಬ್ಬ ಹರಕೆಯವನು ನದಿಯಿಂದ ಬಹುದೂರದ ಗುಡ್ಡದ ದಾರಿಯಲ್ಲಿ, ಮುಳುಗದಂತೆ ಸಕಲ ಸಿದ್ಧತೆ ಮಾಡಿಕೊಂಡು ಹೊರಟ.

ಜೋಯಿಡಾ ದಾಟಿ ಸ್ವಲ್ಪ ದೂರದಲ್ಲಿ, ಮಫ್ಲರಿನಲ್ಲಿ ಮುಖವೆಲ್ಲ ಸುತ್ತಿಕೊಂಡ ಹಿರಿಯರೊಬ್ಬರು ರಸ್ತೆಯ ನಡುವೆ ಎರಡೂ ಕೈ ಎತ್ತಿ ನಿಂತಿದ್ದರು. ತಾರಿಕ ಜೀಪು ನಿಲ್ಲಿಸಿ ಅವರಿಗೂ ಒಂದು ಜಾಕೆಟ್ಟು ತೊಡಿಸಿ ಬಾಳೇಶನ ಪಕ್ಕದಲ್ಲಿ ಕೂರಿಸಿದ.

"ಅಂದಂಗ, ಕಾಲು ಉಳುಕೇತಿ, ಅದಕ್ಕ," ಎಂದರು ಅವರು, ಯಾರೂ ಕೇಳದಿದ್ದರೂ.

ಬಾಳೇಶ ಮುಖ ಆಚೆ ತಿರುಗಿಸಿದ. ಆ 'ಅಂದಂಗ' ಅವನು ಫೋನಿನಲ್ಲಿ ಕೇಳಿದ್ದ. ಟೊಪ್ಪಿಗೆಯನ್ನು ಹುಬ್ಬಿನ ಮೇಲೆ ಎಳೆದುಕೊಂಡು ತಾರಿಕನಿಗೆ ಕಣ್ಣು ಮಿಟುಕಿಸಿದ.

"ತಮ್ಮಾ, ನಿಂದು ಯಾವೂರು?" ಎಂದು ಕರಿಬಸಪ್ಪನವರು ಕೇಳಿದರು.

"ಅವರಿಗೆ ಮಾತು ಬರೂದಿಲ್ಲರಿ," ಎಂದ ತಾರಿಕ.

"ಅಯ್ಯ ಪಾಪ." ಮಾತು ಬಾರದವನ ಮುಂದೆ ಮನಸ್ಸು ಬಿಚ್ಚಲು ಅಡ್ಡಿಯಿಲ್ಲವೆಂದು ಕರಿಬಸಪ್ಪನವರು ಶುರು ಮಾಡಿದರು. "ಹಿಂದ ಒಬ್ಬ ಮಹಾತ್ಮ ಸೈಕಲ್ ಮ್ಯಾಲ ಬರಾಕತ್ತಾನ ನೋಡಪಾ. ಅಂವಾ ಬರೂದರಾಗ ನಾ ಗುಡಿ ಮುಟ್ಟಬೇಕು. ನಡದ ಬರ್ತೇನಿ ಅಂತ ಬಾಯಿ ಜೋರು ಮಾಡಿ ಬಿಟ್ಟೇನಿ. ಮೊದಲನೇ ತಿರುವಿನಾಗ ಮೊಣಕಾಲು ಒಲ್ಲೆ ಅಂತು. ಗೊತ್ತಾದ್ರ ನಮ್ಮ ಶಿವಲಿಂಗನ ಮಾವ ಅಂತ ಹೆಂಗ ಮುಖ ತೋರಸ್ಲಿ?"

ಮಾತು ಬಾರದವನು ಬಹಳ ಜೋರಾಗಿ ತಲೆಯಾಡಿಸಿದ.

ಆ ದಾರಿಯಲ್ಲಿ ಫೋನಿಗೆ ಜೀವ ಬರುವುದು ಒಂದೇ ಒಂದು ತಿರುವಿನಲ್ಲಿ. ಅಲ್ಲಿಗೆ ಬಂದೊಡನೆ ತಾರಿಕ ರೂಢಿಯಂತೆ ಜೀಪು ನಿಲ್ಲಿಸಿದ. ಮಹಾತ್ಮ ಎಷ್ಟು ಹಿಂದಿದ್ದಾನೆ ಕೇಳೋಣವೆಂದು ಕರಿಬಸಪ್ಪನವರು ಫೋನು ತೆಗೆದು ಹಚ್ಚಿದರು.

ಬಾಳೇಶನ ಫೋನಿನ ರಿಂಗು ಮಿಲ್ಲಿನ ಪಾಳಿಯ ಸೈರನ್ನೇ ಆಗಿತ್ತು. ಡ್ಯೂಟಿ ತಪ್ಪಬಾರದೆಂದು ಅವನೇ ಧ್ವನಿಮುದ್ರಿಸಿಕೊಂಡದ್ದು. ಅದೀಗ ಲೈಫ್ ಜಾಕೆಟ್ಟಿನೊಳಗಿನಿಂದ ಕಾಡೆಲ್ಲ ಕೇಳುವಂತೆ ಊದತೊಡಗಿತು. ಮರದ ಮೇಲಿನ ಮಂಗಗಳು ಓಡಿದವು.

ಕರಿಬಸಪ್ಪನವರು ತಮ್ಮ ಫೋನು ನೋಡಿದರು, ಪಕ್ಕದ ಜಾಕೆಟ್ಟು ನೋಡಿದರು. ಕರೆ ಕತ್ತರಿಸಿದರು. ಸೈರನ್ ನಿಂತಿತು. ಮತ್ತೆ ಹಚ್ಚಿದರು. ಸೈರನ್ ಕೂಗಿತು.

"ಸ್ವಲ್ಪ ಹಿಂದಕ್ಕ ತಿರುಗಪಾ," ಎಂದರು.

ಬಾಳೇಶ ತಿರುಗಿದ. ಜಾಕೆಟ್ಟಿನ ಕೆಳಗೆ, ಪ್ಯಾಂಟಿನ ಮೇಲೆ, ಕೆಂಪು ಕೆಸರಿನ ಗೆರೆ.

"ಬಾಳೇಶಪ್ಪನವ್ರ."

"ಕರಿಬಸಪ್ಪನವ್ರ."

"ನಿಮಗ ಮಾತು ಬರತೈತಲ್ಲ."

"ನಿಮಗ ನಡಿಯಾಕ ಬರತೈತಲ್ಲರಿ."

ತಾರಿಕ ಸ್ಟೀರಿಂಗ್ ಮೇಲೆ ತಲೆಯಿಟ್ಟುಕೊಂಡ. ಅವನ ಭುಜಗಳು ಕುಣಿಯುತ್ತಿದ್ದವು.

ಇನ್ನು ಮುಚ್ಚಿಡಲು ಬಾಳೇಶನ ಹತ್ತಿರ ಏನೂ ಉಳಿದಿರಲಿಲ್ಲ. ಉಡದಾರದಿಂದ ಹಿತ್ತಾಳೆಯ ನಳಿಕೆ ಬಿಚ್ಚಿ ಅವರ ಅಂಗೈಯಲ್ಲಿಟ್ಟ. "ಇದು ತಾಯತ ಅಲ್ಲರಿ, ಹವಾ ಹಾಕೂ ನಳಿಕಿ. ಹರಕಿ ಇಲ್ಲ, ಏನಿಲ್ಲ. ನಾ ಬರೇ ಡ್ಯೂಟಿಗೆ ಹೋಗಾಕ ಸೈಕಲ್ ತಂದೇನಿ."

"ಅಂದ್ರ ಮಡ್‌ಗಾರ್ಡ್ ಮಾರಿಲ್ಲ?"

"ಅದಕ್ಕ ಇರೂದ ಇಲ್ಲರಿ."

"ನೌಕರಿ?"

"ಐತಿ."

"ಮತ್ತ ಮೊದಲ ಹೇಳಬಾರದೇನು, ಪುಣ್ಯಾತ್ಮಾ?"

"ನನ್ನ ಯಾರೂ ಕೇಳಲಿಲ್ಲರಿ. ಎಲ್ಲಾರೂ ನನ್ನ ಬಗ್ಗೆ ಬ್ಯಾರೇದವ್ರನ್ನ ಕೇಳಿದ್ರು."

ಕರಿಬಸಪ್ಪನವರು ನಳಿಕೆಯನ್ನು ಬೆಳಕಿಗೆ ಹಿಡಿದು ಹಿಂದೆ ಮುಂದೆ ನೋಡಿದರು. ಜೀವಮಾನವಿಡೀ ಮಾಡಿದ ವಿಚಾರಣೆಗಳೆಲ್ಲ ಅವರಿಗೆ ಅದರ ತೂತಿನಲ್ಲಿ ಕಂಡಿರಬೇಕು. ಕೊನೆಗೆ ಅದನ್ನು ವಾಪಸು ಕೊಟ್ಟು, "ಕಟ್ಟಿಕೊಳ್ರಿ," ಎಂದರು. "ನೀವು ನನ್ನ ನೋಡಿಲ್ಲ, ನಾ ನಿಮ್ಮ ನೋಡಿಲ್ಲ. ಇಂಥಾ ಮನಿತನ ನಮಗ ಮತ್ತೆಲ್ಲಿ ಸಿಗಬೇಕು?"

ಗುಡಿಯ ಹಿಂದಿನ ತಿರುವಿನಲ್ಲಿ ಇಬ್ಬರೂ ಇಳಿದರು. ಕಾಯಿಯ ಚೀಲಗಳನ್ನು ಅರ್ಧರ್ಧ ಹಂಚಿಕೊಂಡರು. ಒಬ್ಬರು ನಡೆದು, ಒಬ್ಬರು ತುಳಿದು, ಏದುಸಿರು ಬಿಡುತ್ತ ಗುಡಿಯ ಮುಂದೆ ಬಂದರು. ಮನೆಮಂದಿಯೆಲ್ಲ ಎದ್ದು ನಿಂತರು. ಆರತಿ ಹಿಡಿದಿದ್ದ ಶಿವಗಂಗವ್ವನ ಕೈ ಅರ್ಧಕ್ಕೇ ನಿಂತಿತು.

"ಅಣ್ಣಾ, ಇದೇನು, ಇಬ್ಬರೂ ಒಂದ ನಮೂನಿ?"

ಆಗ ಅವರು ತಮ್ಮನ್ನು ತಾವು ನೋಡಿಕೊಂಡರು. ಎರಡು ಕಿತ್ತಳೆ ಜಾಕೆಟ್ಟುಗಳು ಬಿಸಿಲಿಗೆ ಹೊಳೆಯುತ್ತಿದ್ದವು.

ಕರಿಬಸಪ್ಪನವರು ಕೆಮ್ಮಿದರು. "ಅಂದಂಗ... ಹರಕಿ ಅಂಗಿ. ಹೊತ್ತವ್ರು ಹಾಕ್ಕೋಬೇಕು."

"ಹೌದವ್ವಾ," ಎಂದು ಗೋದುಬಾಯಿ ತಕ್ಷಣ ಕೈಮುಗಿದಳು. "ನಮ್ಮ ಕಡೆನೂ ಹಿಂದಕ್ಕ ಇತ್ತು ಇದು. ಈಗ ಯಾರು ಮಾಡ್ತಾರ?"

ಶೈಲಾ ಮಾತ್ರ ಅಣ್ಣನ ಬೆನ್ನ ಹಿಂದೆ ಬಂದು ನಿಂತು ನೋಡಿದಳು. ಅಲ್ಲಿ ಗಣೇಶಗುಡಿಯ ರಾಫ್ಟಿಂಗ್ ಕಂಪನಿಯ ಹೆಸರೂ ಫೋನ್ ನಂಬರೂ ದೊಡ್ಡದಾಗಿ ಬರೆದಿತ್ತು. ಆಚೆ, ಮಾವನ ಬೆನ್ನನ್ನು ಶಿವಲಿಂಗ ಓದುತ್ತಿದ್ದ. ಇಬ್ಬರೂ ಒಂದೇ ಸಲ ತಲೆ ಎತ್ತಿದರು. ಶೈಲಾ ಸೆರಗು ಬಾಯಿಗೆ ಒತ್ತಿಕೊಂಡಳು. ಶಿವಲಿಂಗ ಕಂಬದ ಹಿಂದೆ ಹೋಗಿ ನಕ್ಕು ಬಂದ. ಮಾತು ಗಟ್ಟಿಯಾದದ್ದು ಆಗಲೇ. ಹಿರಿಯರು ಆಮೇಲೆ ಎಲೆ ಅಡಿಕೆ ಇಟ್ಟು ಗಟ್ಟಿ ಮಾಡಿದ್ದು ಬರೇ ರೂಢಿಗೆ.

ಈಗ ಬಾಳೇಶನ ಮನೆಯ ದೇವರ ಕೋಣೆಯಲ್ಲಿ ಕಿತ್ತಳೆ ಜಾಕೆಟ್ಟಿಗೆ ದಿನವೂ ಕುಂಕುಮ ಏರುತ್ತದೆ. ತಾರಿಕ ವಾರಕ್ಕೊಮ್ಮೆ ಫೋನು ಮಾಡಿ, "ಅಣ್ಣಾ, 'ಹರಕಿ ಅಂಗಿ' ಬಾಡಿಗಿಗೆ ಅದಾವೇನು ಅಂತ ಮಂದಿ ಕೇಳಾಕ ಬರಾಕತ್ತಾರ, ಏನ್ ಹೇಳ್ಲಿ?" ಎನ್ನುತ್ತಾನೆ. ಸೈಕಲ್ಲು ಪಡಸಾಲೆಯಲ್ಲಿ ಹಾರ ಹಾಕಿಸಿಕೊಂಡು, ಕೊನೆಗೂ ಒಂದು ಸ್ವಂತ ಗೋಡೆಗೆ ಆನಿಕೊಂಡು ನಿಂತಿದೆ. ಉಳವಿಗೆ ಹೋಗಿ ಬಂದದ್ದನ್ನು ಮಿಲ್ಲಿನ ಧೂಳಿಗೆ ಒಯ್ಯಲು ವಿದ್ಯಾವತಿ ಬಿಡುವುದಿಲ್ಲ. ಸ್ಕೂಟರನ್ನು ಮುಂಡಗೋಡದ ಭಾವಮೈದುನ ವಾಪಸು ಕೊಡುವುದಿಲ್ಲ.

ಹಾಗಾಗಿ ಸೈರನ್ನಿಗೆ ಮುಂಚೆ ಡಬ್ಬಿ ಹಿಡಿದುಕೊಂಡು ಬಾಳೇಶ ಮಿಲ್ಲಿಗೆ ನಡೆದೇ ಹೊರಡುತ್ತಾನೆ. ಮೊದಲ ದಿನವೇ ಗೋದುಬಾಯಿ ಬಾಗಿಲಿಗೆ ಬಂದು ನಿಂತಳು. ಅವನ ಕಾಲು ನೋಡಿದಳು, ಖಾಲಿ ರಸ್ತೆ ನೋಡಿದಳು, ದನಿ ತಗ್ಗಿಸಿದಳು.

"ನಡಕೊಂತ ಹೊಂಟಿ ತಮ್ಮಾ. ಈ ಸಲ ಯಾವ ಹರಕಿ?"